ಕೆರೆಯಲ್ಲಿ ಮೀನೆಷ್ಟಿದೆ ಅಂತ ನಾನು ಲೆಕ್ಕ ಹಾಕುವ ಬಗೆ

ಗಾಳ ನೀರಿಗೆ ಬಿಟ್ಟ ಹೊತ್ತು, ಎತ್ತಿದ ಹೊತ್ತು, ಎಷ್ಟು ಗಾಳ ಇತ್ತು, ಇಷ್ಟನ್ನು ಮೊದಲು ಬರೆದುಕೊಳ್ಳುತ್ತೇನೆ. ಮೀನಿನ ಲೆಕ್ಕ ಆಮೇಲೆ. ಒಂದೂ ಸಿಗದ ದಿನವನ್ನಂತೂ ಬಿಡುವುದೇ ಇಲ್ಲ. ಆ ಸೊನ್ನೆಗಳನ್ನು ಬಿಟ್ಟರೆ ಗಂಟೆಗೆ ಎಷ್ಟು ಮೀನು ಎನ್ನುವ ಸರಾಸರಿ ಸುಮ್ನೆ ಏರಿಬಿಡುತ್ತದೆ, ಅಲ್ವಾ?

ಹಾಗಂತ ಸರಾಸರಿಯೊಂದನ್ನೇ ನಂಬುವಂತಿಲ್ಲ. ಮೀನು ಕಡಿಮೆಯಾದಾಗ ಉಳಿದವು ಒಂದೇ ಕಡೆ ಗುಂಪುಗೂಡಬಹುದು, ನಾವೂ ಹುಡುಕಿಕೊಂಡು ಅಲ್ಲಿಗೇ ಹೋಗುತ್ತೇವೆ, ಗಾಳಕ್ಕೆ ಬೀಳುವುದು ಮಾತ್ರ ಮೊದಲಿನಷ್ಟೇ ಇರುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಬಲೆ ಎಳೆದುಕೊಂಡು ಹೋಗುವ ಟ್ರಾಲರ್ ಹಡಗುಗಳ ಬಲೆ ತುಂಬಿ ಬರುತ್ತಿದ್ದುದರಿಂದ ಕಾಡ್ ಮೀನು ಇರುವುದಕ್ಕಿಂತ ಜಾಸ್ತಿ ಇದೆ ಎಂದು ಅಂದಾಜಾಗಿತ್ತು. 1992ರಲ್ಲಿ ಅಲ್ಲಿ ಕಾಡ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು.

ಅದಕ್ಕೇ ಗುರುತು ಹಾಕುವ ಕ್ರಮವನ್ನೂ ಜೊತೆಗಿಟ್ಟುಕೊಂಡೆ. ಇದಕ್ಕೆ ಅನುಮತಿ ಬೇಕು, ಕೈ ಪಳಗಿದವರು ಜೊತೆಗಿರಬೇಕು. ಮೀನಿನ ಹೊಟ್ಟೆಯ ಕೆಳಗಿನ ಒಂದು ರೆಕ್ಕೆಯ ತುದಿಯನ್ನು ಚೂರೇ ಚೂರು ಕತ್ತರಿಸಿ ಬಿಡುತ್ತೇವೆ, ಅವು ಉಳಿದವುಗಳ ಜೊತೆ ಬೆರೆಯುವಷ್ಟು ಕಾಲ ಕಾದು ಮತ್ತೆ ಹಿಡಿಯುತ್ತೇವೆ. 50 ಮೀನಿಗೆ ಗುರುತು ಹಾಕಿದ್ದು, ಎರಡನೇ ಸಲ ಸಿಕ್ಕ 60ರಲ್ಲಿ 10ಕ್ಕೆ, ಅಂದರೆ ಆರರಲ್ಲೊಂದಕ್ಕೆ ಗುರುತಿದ್ದರೆ, ಗುರುತಿನ 50 ಮೀನೂ ಒಟ್ಟಿನ ಆರರಲ್ಲೊಂದು ಪಾಲು, ಹಾಗಾಗಿ ಕೆರೆಯಲ್ಲಿ ಸುಮಾರು 300 ಇವೆ ಎಂದರ್ಥ. ಎರಡನೇ ಸಲ ಗಾಳ ಬೇಡ, ಬಲೆಯೇ ಆಗಬೇಕು. ಒಮ್ಮೆ ಕೊಕ್ಕೆ ಚುಚ್ಚಿಸಿಕೊಂಡ ಮೀನು ಹುಷಾರಾಗಿಬಿಟ್ಟಿರಬಹುದು. ಗುರುತಿನ ಮೀನು ಕಡಿಮೆ ಸಿಕ್ಕಷ್ಟೂ ಲೆಕ್ಕ ಉಬ್ಬುತ್ತದೆ. ಇಲ್ಲದ ಮೀನನ್ನು ಇದೆ ಅಂತ ತೋರಿಸುವ ಲೆಕ್ಕಕ್ಕಿಂತ ಅಪಾಯ ಬೇರೆ ಇಲ್ಲ.

ಸಿಕ್ಕ ಪ್ರತಿ ಮೀನಿನ ಉದ್ದವನ್ನೂ ಅಳೆಯುತ್ತೇನೆ. ಹಲಗೆ ಒದ್ದೆ, ಕೈಯೂ ಒದ್ದೆ, ಇಲ್ಲದಿದ್ದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ವರ್ಷದಿಂದ ವರ್ಷಕ್ಕೆ ದೊಡ್ಡವು ಕಾಣೆಯಾಗುತ್ತಿದ್ದರೆ ಹಿಡಿಯುವುದು ಮಿತಿಮೀರಿದೆಯೇ ಎಂದು ನೋಡಬೇಕು. ಬರೀ ದೊಡ್ಡವೇ ಸಿಗುತ್ತಿದ್ದರೆ ಮರಿಗಳು ಬೆಳೆದು ಬರುತ್ತಿಲ್ಲವೇನೋ ಅಂತ ನನಗೆ ಇನ್ನೂ ದಿಗಿಲು.

ಹಿಡಿದು ವಾಪಸ್ ಬಿಟ್ಟ ಮೀನೆಲ್ಲ ಬದುಕುತ್ತದೆ ಎಂದುಕೊಳ್ಳಬೇಡಿ. ಕೊಕ್ಕೆಯ ಮುಳ್ಳನ್ನು ನಾನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿರುತ್ತೇನೆ, ಬೇಗ ಬಿಡಿಸಬಹುದು. ಕೊಕ್ಕೆ ಗಂಟಲಿಗಿಳಿದಿದ್ದರೆ ಎಳೆಯದೆ ದಾರವನ್ನೇ ಕತ್ತರಿಸುತ್ತೇನೆ. ಬಿಸಿಲಿಗೆ ನೀರು ಕಾದಾಗ ಅದರಲ್ಲಿ ಆಮ್ಲಜನಕ ಕಡಿಮೆ, ಆ ಹೊತ್ತಿನಲ್ಲಿ ಗಾಳವನ್ನೇ ಹಾಕುವುದಿಲ್ಲ.

ಊಟಕ್ಕೆ ಬೇಕೆಂದರೆ ನಡುಗಾತ್ರದ್ದನ್ನು ಇಟ್ಟುಕೊಳ್ಳುತ್ತೇನೆ. ಮರಿಯೂ ವಾಪಸ್, ದೊಡ್ಡದೂ ವಾಪಸ್. ಎಷ್ಟೋ ಜಾತಿಗಳಲ್ಲಿ ಎರಡರಷ್ಟು ತೂಗುವ ಹೆಣ್ಣು ಎರಡರಷ್ಟಕ್ಕಿಂತ ಜಾಸ್ತಿ ಮೊಟ್ಟೆ ಇಡುತ್ತದೆ. ಅಂಥದ್ದು ಸಿಕ್ಕರೆ ಫೋಟೋಗೆಂದು ಎತ್ತಿ ಹಿಡಿದು ನಿಲ್ಲಬೇಡಿ, ಉದ್ದ ಬರೆದುಕೊಂಡು ಬೇಗ ನೀರಿಗೆ ಬಿಡಿ.