ಜರ್ಮನಿಯಲ್ಲಿ ಓದು: ಪರಿಸರದ ಮೇಲಿನ ಹೊರೆ ತಗ್ಗಿಸುವ ಬಗೆ

ಉನ್ನತ ವ್ಯಾಸಂಗಕ್ಕಾಗಿ ಕರ್ನಾಟಕದಿಂದ ಜರ್ಮನಿಗೆ ಹೊರಡುವ ವಿದ್ಯಾರ್ಥಿಯು ಪರಿಸರದ ಮೇಲೆ ತನ್ನಿಂದ ಬೀಳುವ ಹೊರೆಯನ್ನು ತಗ್ಗಿಸಬೇಕೆಂದು ನಿಜವಾಗಿಯೂ ಬಯಸುವುದಾದರೆ, ಎಲ್ಲಕ್ಕಿಂತ ಮೊದಲು ತನ್ನ ವಿಮಾನಯಾನಗಳನ್ನು ಎಣಿಸಬೇಕು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 7,400 ಕಿಲೋಮೀಟರ್ ದೂರವಿದೆ. ಎಕಾನಮಿ ದರ್ಜೆಯಲ್ಲಿ ಒಮ್ಮೆ ಹೋಗಿಬಂದರೆ ಒಬ್ಬ ಪ್ರಯಾಣಿಕನ ಲೆಕ್ಕಕ್ಕೆ ಹೆಚ್ಚುಕಡಿಮೆ ಒಂದು ಟನ್ ಇಂಗಾಲದ ಡೈಆಕ್ಸೈಡ್ ಸೇರುತ್ತದೆ. ಭಾರತದಲ್ಲಿ ಸರಾಸರಿ ವ್ಯಕ್ತಿಯೊಬ್ಬನ ಪಾಲಿಗೆ ಇಡೀ ವರ್ಷಕ್ಕೆ ಬರುವುದೇ ಸುಮಾರು ಎರಡು ಟನ್. ಬಟ್ಟೆಯ ಚೀಲ, ಸ್ಟೀಲ್ ಬಾಟಲಿ ಇವೆಲ್ಲ ಒಳ್ಳೆಯ ಅಭ್ಯಾಸಗಳೇ ಆದರೂ ವಿಮಾನಯಾನದ ಈ ಲೆಕ್ಕವನ್ನು ಅವು ಸರಿದೂಗಿಸಲಾರವು.

ಊರಿಗೆ ಬರುವುದು ಯಾವಾಗ

ಓದಲು ಹೋಗುವ ಪ್ರಯಾಣವನ್ನು ತಪ್ಪಿಸುವಂತಿಲ್ಲ. ನಡುವೆ ಊರಿಗೆ ಬಂದುಹೋಗುವ ಪ್ರಯಾಣಗಳನ್ನು ಕಡಿಮೆ ಮಾಡಬಹುದು. ಅನೇಕರು ಕ್ರಿಸ್‌ಮಸ್ ರಜೆಯಲ್ಲಿ ಬರಲು ಟಿಕೆಟ್ ಕಾಯ್ದಿರಿಸುತ್ತಾರೆ. ಆದರೆ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಆ ರಜೆ ಎರಡು ವಾರಗಳಷ್ಟೇ ಇರುತ್ತದೆ, ಟಿಕೆಟ್ ದರವೂ ಆಗಲೇ ಏರಿರುತ್ತದೆ. ಬೇಸಿಗೆ ಸೆಮಿಸ್ಟರಿನ ತರಗತಿಗಳು ಜುಲೈ ಮಧ್ಯದ ಹೊತ್ತಿಗೆ ಮುಗಿದು, ಮುಂದಿನ ತರಗತಿಗಳು ಅಕ್ಟೋಬರಿನಲ್ಲಿ ಆರಂಭವಾಗುತ್ತವೆ. ಈ ಅವಧಿಯಲ್ಲಿ ಪರೀಕ್ಷೆಗಳನ್ನು ಮುಗಿಸಿಕೊಂಡು ಒಂದೇ ಬಾರಿ ಬಂದು, ಐದಾರು ವಾರ ನಿಂತು, ಗೌರಿ ಗಣೇಶ ಹಬ್ಬವನ್ನೋ ಮನೆಯ ಮದುವೆಯನ್ನೋ ಪೂರೈಸಿಕೊಂಡು ಹೋಗುವುದು ಜಾಣತನ. ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಇಂಥ ಒಂದು ದೀರ್ಘ ಭೇಟಿ ಸಾಕೆಂಬುದು ನನ್ನ ಅಭಿಪ್ರಾಯ. ಮನೆಯವರು ಇದನ್ನು ಒಪ್ಪಲಿಕ್ಕಿಲ್ಲ, ಆ ಮಾತನ್ನು ಹೊರಡುವ ಮೊದಲೇ ಆಡಿ ಮುಗಿಸುವುದು ಒಳ್ಳೆಯದು. ಸಂಶೋಧನಾ ಪ್ರಬಂಧಕ್ಕೆ ಇಲ್ಲಿಯ ಮಾಹಿತಿ ಬೇಕಿದ್ದರೆ ಆ ಕೆಲಸವನ್ನೂ ಇದೇ ಭೇಟಿಗೆ ಹೊಂದಿಸಬಹುದು. ಆದರೆ ಆರು ತಿಂಗಳಿಗಿಂತ ಹೆಚ್ಚು ಕಾಲ ಜರ್ಮನಿಯಿಂದ ಹೊರಗಿದ್ದರೆ ಸಾಮಾನ್ಯವಾಗಿ ಅಲ್ಲಿನ ವಾಸದ ಪರವಾನಗಿ ರದ್ದಾಗುತ್ತದೆ ಎಂಬುದು ನೆನಪಿರಲಿ.

ಟಿಕೆಟ್ ಆರಿಸುವಾಗ ನೇರ ವಿಮಾನವೇ ಯಾವಾಗಲೂ ಮೇಲೆಂಬ ನಂಬಿಕೆಯನ್ನು ಸ್ವಲ್ಪ ಪರಿಶೀಲಿಸಬೇಕು. ದುಬೈ ಅಥವಾ ದೋಹಾ ಮೂಲಕ ಫ್ರಾಂಕ್‌ಫರ್ಟ್‌ಗೆ ಹೋದರೆ ದೂರ ಇನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಮಾತ್ರ ಹೆಚ್ಚುತ್ತದೆ. ಇನ್ನೊಮ್ಮೆ ಇಳಿದು ಏರುವುದಕ್ಕೆ ಒಂದಷ್ಟು ಇಂಧನ ವ್ಯಯವಾಗುವುದು ನಿಜವಾದರೂ, ವಿಮಾನ ಹಳೆಯ ಮಾದರಿಯದೋ ಹೊಸದೋ ಎಂಬುದು ಅದಕ್ಕಿಂತ ದೊಡ್ಡ ವ್ಯತ್ಯಾಸ ಮಾಡಬಲ್ಲದು. ಏರ್‌ಬಸ್ ಎ350, ಬೋಯಿಂಗ್ 787ರಂಥವು ಹಿಂದಿನ ತಲೆಮಾರಿನ ದೊಡ್ಡ ವಿಮಾನಗಳಿಗಿಂತ ಗಣನೀಯವಾಗಿ ಕಡಿಮೆ ಇಂಧನ ಸುಡುತ್ತವೆ, ಮತ್ತು ಕಾಯ್ದಿರಿಸುವ ಪುಟದಲ್ಲಿ ವಿಮಾನದ ಮಾದರಿಯನ್ನು ಸಾಮಾನ್ಯವಾಗಿ ನಮೂದಿಸಿರುತ್ತಾರೆ. ತಪ್ಪಿಸಬೇಕಾದದ್ದು ಎರಡು ಮೂರು ಕಡೆ ಇಳಿಸುವ ಟಿಕೆಟ್‌ಗಳನ್ನು, ಜರ್ಮನಿಯ ಮೇಲೆಯೇ ಹಾರಿ ಲಂಡನ್ ಮುಟ್ಟಿ ಹಿಂದಕ್ಕೆ ಬರುವ ಮಾರ್ಗಗಳನ್ನು, ಹಾಗೂ ಜರ್ಮನಿಯೊಳಗಿನ ಕಿರುವಿಮಾನಯಾನವನ್ನು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಹೊಂದಿಕೊಂಡೇ ದೂರದ ರೈಲುಗಳ ನಿಲ್ದಾಣವಿದೆ. ಅಲ್ಲಿಂದ ವೇಗದ ಐಸಿಇ ರೈಲಿನಲ್ಲಿ ಕ್ಯೋಲ್ನ್‌ಗೆ ಸುಮಾರು ಒಂದು ಗಂಟೆ, ಸ್ಟುಟ್‌ಗಾರ್ಟ್‌ಗೆ ಅದಕ್ಕಿಂತ ತುಸು ಹೆಚ್ಚು ಹೊತ್ತು ಸಾಕು. ಕೆಲವು ವಿಮಾನಸಂಸ್ಥೆಗಳು ಈ ರೈಲು ಟಿಕೆಟ್ಟನ್ನು ವಿಮಾನದ ಟಿಕೆಟ್ಟಿನೊಂದಿಗೇ ಕೊಡುತ್ತವೆ. ವಿಮಾನ ತಡವಾದರೂ ಮುಂದಿನ ಪ್ರಯಾಣದ ಚಿಂತೆ ಕಡಿಮೆಯಾಗುವುದರಿಂದ ಹಾಗೆ ಕೊಳ್ಳುವುದೇ ಲೇಸು.

ಇನ್ನು ಒಬ್ಬರನ್ನು ಕಳುಹಿಸಿಕೊಡಲು ಮನೆಮಂದಿಯೆಲ್ಲ ಟೆಂಪೋ ಟ್ರಾವೆಲರ್ ಮಾಡಿಕೊಂಡು ದೇವನಹಳ್ಳಿಗೆ ಬರುವ ನಮ್ಮ ಪದ್ಧತಿ. ಅದನ್ನು ನಿಲ್ಲಿಸಿ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೂ ಮೈಸೂರಿನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೇ ಹೋಗುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ, ಬೆಂಗಳೂರಿನೊಳಗಿನಿಂದ ವಾಯುವಜ್ರ ಇದೆ.

ಪೆಟ್ಟಿಗೆಯಲ್ಲಿ ಏನಿರಬೇಕು

ಬೇಡದ್ದನ್ನು ಹೊತ್ತೊಯ್ಯುವುದೂ, ಬೇಕಾದ್ದನ್ನು ಬಿಟ್ಟುಹೋಗಿ ಅಲ್ಲಿ ಹೊಸದಾಗಿ ಕೊಳ್ಳುವುದೂ ಎರಡೂ ನಷ್ಟವೇ. ಜರ್ಮನಿಯ ವಿದ್ಯುತ್ತು ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್ ಆಗಿರುವುದರಿಂದ ಮನೆಯ ಮಿಕ್ಸಿ ಅಲ್ಲಿಯೂ ಕೆಲಸ ಮಾಡುತ್ತದೆ. ಪ್ಲಗ್ ಮಾತ್ರ ಬೇರೆ, ಮಿಕ್ಸಿಯ ವಾಟೇಜ್ ತಡೆಯಬಲ್ಲ ಗಟ್ಟಿ ಅಡಾಪ್ಟರ್ ಬೇಕು. ತೆಂಗಿನಕಾಯಿ ಚಟ್ನಿ ರುಬ್ಬುವ ಮಿಕ್ಸಿಯನ್ನು ಅಲ್ಲಿ ಹುಡುಕಿ ಕೊಳ್ಳುವುದಕ್ಕಿಂತ, ಮನೆಯಲ್ಲಿ ಸುಮ್ಮನೆ ಕುಳಿತ ಚಿಕ್ಕ ಮಿಕ್ಸಿಯನ್ನು ಒಯ್ಯುವುದು ಮೇಲು. ಕುಕ್ಕರ್ ಒಯ್ಯುವವರು ಇಂಡಕ್ಷನ್ ಒಲೆಗೂ ಆಗುವ ತಳದ್ದನ್ನೇ ಆರಿಸಬೇಕು, ಏಕೆಂದರೆ ಬರೀ ಅಲ್ಯೂಮಿನಿಯಂ ತಳದ್ದು ಅಂಥ ಒಲೆಯ ಮೇಲೆ ಬಿಸಿಯಾಗುವುದೇ ಇಲ್ಲ.

ಅಮ್ಮಂದಿರು ಪ್ರೀತಿಯಿಂದ ಕಟ್ಟಿಕೊಡುವ ತುಪ್ಪದ ಡಬ್ಬಿಯನ್ನು ಮಾತ್ರ ಮನೆಯಲ್ಲೇ ಬಿಡಬೇಕಾಗುತ್ತದೆ. ಹೊರದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಹಾಗೂ ಮಾಂಸದ ಉತ್ಪನ್ನಗಳನ್ನು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಹಸಿ ಕರಿಬೇವು, ಮಾವಿನಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸುಂಕದ ಅಧಿಕಾರಿಗಳು ಹಿಡಿದರೆ ಅದು ಕಸಕ್ಕೇ ಹೋಗುತ್ತದೆ. ಸಾರಿನ ಪುಡಿ, ಒಣಗಿಸಿದ ಕರಿಬೇವು ಸಾಕು. ಅಕ್ಕಿ, ಬೇಳೆ ಅಲ್ಲಿನ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತವೆ, ಮತ್ತು ಅವು ಅಲ್ಲಿಗೆ ಬಹುಪಾಲು ಬರುವುದು ಹಡಗಿನಲ್ಲಿ. ಅದೇ ಅಕ್ಕಿಯನ್ನು ವಿಮಾನದಲ್ಲಿ ಒಯ್ಯುವುದರಲ್ಲಿ ಅರ್ಥವಿಲ್ಲ.

ಚಳಿಗಾಲದ ದಪ್ಪ ಜಾಕೆಟ್ಟನ್ನು ಬೆಂಗಳೂರಿನಲ್ಲಿ ಕೊಳ್ಳಬೇಡಿ. ಇಲ್ಲಿ ದುಬಾರಿ ಬೆಲೆಗೆ ಸಿಗುವುದು ಅಲ್ಲಿನ ಜನವರಿಗೆ ಸಾಲದೇ ಹೋಗಬಹುದು, ಆಗ ಇನ್ನೊಂದನ್ನು ಕೊಳ್ಳಬೇಕಾಗುತ್ತದೆ. ಅಕ್ಟೋಬರಿಗೆ ತಡೆಯುವಷ್ಟು ಬೆಚ್ಚನೆಯ ಬಟ್ಟೆ ಒಯ್ದು, ಉಳಿದದ್ದನ್ನು ಅಲ್ಲಿನ ಬಳಸಿದ ಬಟ್ಟೆಯ ಅಂಗಡಿ, ವಾರಾಂತ್ಯದ ಹಳೆಸಾಮಾನು ಸಂತೆ, ಇಲ್ಲವೇ ಕ್ಲೈನ್‌ಆನ್‌ಟ್ಸೈಗನ್ ಎಂಬ ಮಾರಾಟತಾಣದಲ್ಲಿ ಹುಡುಕಬಹುದು. ಮೇಜು, ಕುರ್ಚಿ, ಸೈಕಲ್ಲಿಗೂ ಇದೇ ದಾರಿ. ಸೈಕಲ್ ಕೊಳ್ಳುವಾಗ ಮುಂದಿನ ಹಿಂದಿನ ದೀಪಗಳು ಸರಿಯಿವೆಯೇ ಎಂದು ನೋಡಿ, ಮಾರುವವರಿಂದ ಬರಹದಲ್ಲಿ ರಸೀದಿ ಪಡೆಯಬೇಕು. ಕದ್ದ ಸೈಕಲ್ಲುಗಳೂ ಅಗ್ಗಕ್ಕೆ ಮಾರಾಟಕ್ಕೆ ಬರುತ್ತವೆ.

ಕೋಣೆ, ಕಸ, ಊಟ

ಜರ್ಮನಿಯ ಮನೆಗಳಲ್ಲಿ ಶಕ್ತಿಯ ದೊಡ್ಡ ಪಾಲು ಕೋಣೆ ಬಿಸಿಮಾಡಲು ಖರ್ಚಾಗುತ್ತದೆ. ಹೀಟರಿನ ಗುಂಡಿಯ ಮೇಲಿನ 3ನೆಯ ಅಂಕಿ ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಸೂಚಿಸುತ್ತದೆ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುವುದಿಲ್ಲ, ಅತಿಯಾಗಿ ಬಿಸಿಯಾಗುತ್ತದೆ ಅಷ್ಟೆ. ನಮ್ಮ ಅಡುಗೆಯಲ್ಲಿ ಆವಿ ಹೆಚ್ಚು, ಅದು ಗೋಡೆಗಳ ಮೇಲೆ ಬೂಷ್ಟು ಹಿಡಿಸುತ್ತದೆ. ಇದಕ್ಕೆ ಕಿಟಕಿಯನ್ನು ದಿನವಿಡೀ ಓರೆಯಾಗಿ ತೆರೆದಿಡುವುದು ಪರಿಹಾರವಲ್ಲ. ಹೀಟರ್ ಆರಿಸಿ, ಕಿಟಕಿಗಳನ್ನು ಪೂರ್ತಿ ತೆರೆದು, ಐದರಿಂದ ಹತ್ತು ನಿಮಿಷ ಗಾಳಿಯಾಡಿಸಿ ಮುಚ್ಚಬೇಕು. ಹೀಗೆ ದಿನಕ್ಕೆ ಎರಡು ಮೂರು ಬಾರಿ ಮಾಡಿದರೆ ಗಾಳಿ ಬದಲಾಗುತ್ತದೆ, ಗೋಡೆಗಳ ಬಿಸಿ ಉಳಿಯುತ್ತದೆ. ವಿದ್ಯಾರ್ಥಿನಿಲಯದಲ್ಲಿ ಬಾಡಿಗೆಯೊಳಗೇ ಬಿಸಿಯ ಖರ್ಚು ಸೇರಿರುವುದರಿಂದ ವ್ಯತ್ಯಾಸ ಕಾಣದು; ಖಾಸಗಿ ಮನೆಯಲ್ಲಿದ್ದವರಿಗೆ ವರ್ಷದ ಕೊನೆಯ ಲೆಕ್ಕ ಬಂದಾಗ ಅದು ಚೆನ್ನಾಗಿ ಕಾಣುತ್ತದೆ.

ಕಸವನ್ನು ಕಾಗದ, ಪ್ಯಾಕಿಂಗ್, ಹಸಿಕಸ, ಉಳಿದದ್ದು ಎಂದು ಬೇರ್ಪಡಿಸಬೇಕು, ಗಾಜನ್ನು ಬಣ್ಣದ ಪ್ರಕಾರ ಬೀದಿಯ ತೊಟ್ಟಿಗೆ ಹಾಕಬೇಕು. ಒಮ್ಮೆ ಬಳಸುವ ಪಾನೀಯ ಬಾಟಲಿ ಹಾಗೂ ಕ್ಯಾನ್‌ಗಳಿಗೆ 25 ಸೆಂಟ್ ಠೇವಣಿ ಇರುತ್ತದೆ. ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಣ ಮರಳುತ್ತದೆ. ನಲ್ಲಿಯ ನೀರು ಕುಡಿಯಲು ಯೋಗ್ಯವಾಗಿರುವುದರಿಂದ ನೀರಿನ ಬಾಟಲಿ ಕೊಳ್ಳುವ ಅಗತ್ಯವೇ ಇಲ್ಲ. ಊಟದ ವಿಷಯದಲ್ಲಿ, ಬೇಳೆ ತರಕಾರಿ ಬೇಯಿಸಿ ಉಣ್ಣುವ ನಮ್ಮ ರೂಢಿಯನ್ನು ಅಲ್ಲಿಗೆ ಹೋದ ಮೇಲೂ ಬಿಡದಿದ್ದರೆ ಸಾಕು; ಎಲೆಕೋಸು, ಬೀಟ್‌ರೂಟ್, ಆಲೂಗಡ್ಡೆಯ ಹುಳಿ ಅಲ್ಲಿಯೂ ಚೆನ್ನಾಗಿಯೇ ಆಗುತ್ತದೆ.

ವಾರಾಂತ್ಯದ ಸುತ್ತಾಟ

ಯುರೋಪಿಗೆ ಬಂದವರನ್ನು ಅಗ್ಗದ ವಿಮಾನಗಳು ಸೆಳೆಯುತ್ತವೆ, ಮತ್ತು ಎರಡು ದಿನಕ್ಕೊಂದು ದೇಶ ನೋಡುವ ಆಸೆ ಅಸಹಜವೇನಲ್ಲ. ಅದಕ್ಕೆ ಪರ್ಯಾಯ ವಿದ್ಯಾರ್ಥಿಯ ಕೈಯಲ್ಲೇ ಇರುತ್ತದೆ. 2023ರ ಮೇ ತಿಂಗಳಿನಲ್ಲಿ 49 ಯೂರೋ ದರದೊಂದಿಗೆ ಆರಂಭವಾದ ಡಾಯ್ಚ್‌ಲಾಂಡ್ ಟಿಕೆಟ್ ದೇಶದಾದ್ಯಂತ ಪ್ರಾದೇಶಿಕ ರೈಲು, ಮೆಟ್ರೊ, ಟ್ರಾಮ್, ಬಸ್ಸುಗಳಲ್ಲಿ ಸಲ್ಲುತ್ತದೆ. ಅದರ ದರ ಆಮೇಲೆ ಏರಿದೆಯಾದರೂ, ಅನೇಕ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಅದು ಚಾಲ್ತಿಯಲ್ಲಿರುವ ಸಾಮಾನ್ಯ ದರದ ಶೇ. 60ಕ್ಕೆ ಸೆಮಿಸ್ಟರ್ ಶುಲ್ಕದೊಳಗೇ ಸೇರಿ ಬರುತ್ತದೆ. ಐಸಿಇಯಂಥ ವೇಗದ ರೈಲುಗಳಿಗೆ ಅದು ಸಲ್ಲುವುದಿಲ್ಲ, ಆದ್ದರಿಂದ ದೂರದ ಊರುಗಳಿಗೆ ತಾಳ್ಮೆ ಬೇಕು. ಗಡಿಯಾಚೆಯ ಕೆಲವು ಊರುಗಳಿಗೂ ಅದು ನಡೆಯುತ್ತದೆ: ಮ್ಯೂನಿಕ್‌ನಿಂದ ಆಸ್ಟ್ರಿಯಾದ ಸಾಲ್ಟ್ಸ್‌ಬುರ್ಗ್‌ಗೆ ಪ್ರಾದೇಶಿಕ ರೈಲಿನಲ್ಲಿ ಇದೇ ಟಿಕೆಟ್ ಸಾಕು.

ಹೆಚ್ಚು ದೇಶಗಳನ್ನು ನೋಡುವ ಮನಸ್ಸಿದ್ದರೆ ಒಂದೊಂದಕ್ಕೂ ಬೇರೆ ವಾರಾಂತ್ಯ ಹುಡುಕದೆ, ಸೆಮಿಸ್ಟರ್ ರಜೆಯಲ್ಲಿ ಎರಡು ವಾರ ತೆಗೆದಿಟ್ಟು ರೈಲು ಪಾಸಿನಲ್ಲಿ ಒಟ್ಟಿಗೆ ಸುತ್ತಬೇಕು. ಯುರೋಪಿನಲ್ಲಿ ವಾಸಿಸುವವರು ಯಾವ ದೇಶದ ಪ್ರಜೆಗಳಾದರೂ ಇಂಟರ್‌ರೈಲ್ ಪಾಸ್ ಪಡೆಯಬಹುದು, 28 ವರ್ಷ ತುಂಬದವರಿಗೆ ದರದಲ್ಲಿ ರಿಯಾಯಿತಿಯೂ ಇದೆ. ಭಾರತದಿಂದ ಬರುವ ಪ್ರವಾಸಿಗರಿಗೆಂದು ಇರುವ ಯೂರೇಲ್ ಪಾಸನ್ನು ಅರಿಯದೆ ಕೊಳ್ಳಬಾರದು. ತಾವು ವಾಸಿಸುವ ದೇಶದೊಳಗೆ ಇಂಟರ್‌ರೈಲ್ ಅನ್ನು ಹೊರಹೋಗಲು ಹಾಗೂ ಮರಳಲು ಮಾತ್ರ ಬಳಸಬಹುದು. ಆಸ್ಟ್ರಿಯಾದ ರೈಲ್ವೆ ಓಡಿಸುವ ನೈಟ್‌ಜೆಟ್ ರಾತ್ರಿ ರೈಲುಗಳಲ್ಲಿ ಒಂದು ರಾತ್ರಿಯ ವಸತಿ ಖರ್ಚೂ ಉಳಿಯುತ್ತದೆ, ಆದರೆ ಪಾಸ್ ಇದ್ದರೂ ಮಲಗುವ ಜಾಗಕ್ಕೆ ಪ್ರತ್ಯೇಕವಾಗಿ ಹಣ ತೆತ್ತು ಮೊದಲೇ ಕಾಯ್ದಿರಿಸಬೇಕು.

ಓದು ಮುಗಿದ ಮೇಲೆ

ಹೊಸ ವಿದ್ಯಾರ್ಥಿಗಳು ಮಾರ್ಚ್ ಹಾಗೂ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬಂದಿಳಿಯುತ್ತಾರೆ. ಮಿಕ್ಸಿ, ಕುಕ್ಕರ್, ಹಾಸಿಗೆ, ಸೈಕಲ್, ಜಾಕೆಟ್‌ಗಳ ಪಟ್ಟಿಯನ್ನು ಕೋಣೆ ಬಿಡುವುದಕ್ಕೆ ಒಂದು ತಿಂಗಳು ಮುಂಚೆಯೇ ಅಲ್ಲಿನ ಕನ್ನಡ ಅಥವಾ ಭಾರತೀಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಬಹುಪಾಲು ಕೈಬದಲಾಗುತ್ತದೆ. ಯಾರೂ ಕೊಳ್ಳದ ದೊಡ್ಡ ಸಾಮಾನಿಗೆ ನಗರಸಭೆಯ ದೊಡ್ಡ ಕಸದ ವಾಹನ ಬರುವ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕೊನೆಯ ರಾತ್ರಿ ಬೀದಿಬದಿಯಲ್ಲಿ ಇಟ್ಟು ಹೊರಟರೆ ದಂಡದ ನೋಟೀಸು ಬರಬಹುದು.