ಶಾರ್ಟ್ ಫಿಲ್ಮ್‌ಗೆ ಡಾಕ್ಟರ್ ಸೀನ್ ಬರೆಯುವುದು ಹೇಗೆ?

ರಾಯಚೂರಿನಲ್ಲಿ ಶಾರ್ಟ್ ಫಿಲ್ಮ್ ಮಾಡುವವರೇ, ಹೃದಯಬಡಿತದ ಮಾನಿಟರ್‌ನಲ್ಲಿ ಗೆರೆ ನೆಟ್ಟಗಾದ ಕೂಡಲೇ ರೋಗಿಯ ಎದೆಗೆ ಕರೆಂಟ್ ಶಾಕ್ ಕೊಡುವ ಸೀನ್ ಮೊದಲು ಕಿತ್ತುಹಾಕಿ. ಹೃದಯ ಪೂರ್ತಿ ನಿಂತಾಗ ಶಾಕ್ ಕೆಲಸಕ್ಕೆ ಬರುವುದಿಲ್ಲ, ಅದು ಬೇಕಾಗುವುದು ಹೃದಯ ಅಡ್ಡಾದಿಡ್ಡಿ ಅದುರುವಾಗ. ಬದಲಿಗೆ ಎದೆ ಒತ್ತುವುದನ್ನು ತೋರಿಸಿ: ಮೊಣಕೈ ಮಡಚದೆ, ಎದೆಯ ನಡುವೆ, 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ನಟನ ಮೇಲೆ ನಿಜವಾಗಿ ಒತ್ತಬೇಡಿ, ಪಕ್ಕೆಲುಬು ಮುರಿದೀತು! ಬೊಂಬೆ ಇಟ್ಟು ಕ್ಲೋಸಪ್ ತೆಗೆಯಿರಿ.

ಡಾಕ್ಟರ್ ಪಾತ್ರಧಾರಿ ಸ್ಟೆತಾಸ್ಕೋಪ್ ಹಾಕಿಕೊಂಡಾಗ, ಕಿವಿಗೆ ಇಡುವ ತುದಿಗಳು ಅವರ ಮೂಗಿನ ಕಡೆಗೆ ಬಾಗಿರಬೇಕು.

'ಇನ್ನು ದೇವರೇ ಕಾಪಾಡಬೇಕು' ಡೈಲಾಗ್ ಕೇಳಿ ಸಾಕಾಗಿದೆ ಅಲ್ವಾ? ಯಾವುದಾದರೂ ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ಬೆಳಿಗ್ಗೆ ಸುಮ್ನೆ ಕೂತು ನೋಡಿ, ಕ್ಯಾಮೆರಾ ಬೇಡ. ಮಾನ್ವಿ, ಲಿಂಗಸುಗೂರು ಕಡೆಯಿಂದ ಚೀಟಿ ಹಿಡಿದು ಬಂದವರ ಸಾಲು, ತಲೆಯೆತ್ತದೆ ಬರೆಯುತ್ತಲೇ "ಏನಾಗ್ಯದವ್ವಾ?" ಎನ್ನುವ ಡಾಕ್ಟರ್: ಡೈಲಾಗ್ ಅಲ್ಲೇ ಸಿಗುತ್ತದೆ.