ಒಂದು ಹಾಳೆ, ಒಂದು ವಾರ

ಕೊಪ್ಪಳದ ಕಿರಾಣಿ ಅಂಗಡಿಗಳಲ್ಲಿ ಉದ್ರಿ ಪುಸ್ತಕ ನೋಡಿರುತ್ತೀರಿ. ಪುಟ ತುಂಬಿದರೆ ಅಂಗಡಿಯವರು ಹೊಸ ಪುಟದ ಮೇಲ್ಗಡೆ 'ಹಿಂದಿನ ಬಾಕಿ' ಎಂದು ಬರೆದು ಮೊತ್ತ ಇಳಿಸಿಕೊಳ್ಳುತ್ತಾರೆ. ಹಾಗೆ ಬರೆಯುವಾಗಲೇ ಯಾರದ್ದು ಬಹಳ ದಿನದಿಂದ ಉಳಿದಿದೆ ಅನ್ನುವುದು ಕಣ್ಣಿಗೆ ಬೀಳುತ್ತದೆ. ನಮ್ಮ ದಿನದ ಕೆಲಸಕ್ಕೂ ಇದೇ ಪದ್ಧತಿ ಸಾಕು.

ಮೊದಲು ನಾನು ಮೊಬೈಲ್‌ನಲ್ಲಿ ಪಟ್ಟಿ ಇಡುತ್ತಿದ್ದೆ. ಮಾಡದ ಕೆಲಸ ತಾನಾಗಿಯೇ ಮರುದಿನಕ್ಕೆ ದಾಟುತ್ತಿತ್ತು. ಪಟ್ಟಿ ಉದ್ದವಾಯಿತು, ನೋಡುವುದನ್ನೇ ಬಿಟ್ಟೆ. ಗವಿಮಠದ ಜಾತ್ರೆಯೊಳಗೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದ ಹತ್ತಿರದ ಕಿನ್ನಾಳ ಊರಿನ ಮರದ ಗೊಂಬೆಗಳ ಲೇಖನ ಅದರಲ್ಲೇ ಹೂತುಹೋಯಿತು. ತೇರು ಎಳೆದಾಯಿತು, ನನ್ನ ಮೊದಲ ಸಾಲೂ ಆಗಿರಲಿಲ್ಲ. ಆ ಬೇಜಾರಿನಲ್ಲೇ ಕಾಗದಕ್ಕೆ ಬಂದೆ.

ವಾರದ ಕೆಲಸ ಬರೆಯಲು ಒಂದು ಕಿಸೆ ಪುಸ್ತಕ, ಲೇಖನ ಬರೆಯಲು ಒಂದಿಷ್ಟು ಚೀಟಿ ಮಾಡೋಣ. ಬೇಕಾಗುವುದು ಇಷ್ಟೇ: ಒಂದು ಬದಿ ಖಾಲಿ ಇರುವ ಎ4 ಹಾಳೆ, ಕತ್ತರಿ, ಪೆನ್ನು, ಮನೆಯಲ್ಲಿ ಬಿದ್ದಿರುವ ಹಳೆ ಲಗ್ನಪತ್ರಿಕೆಗಳು.

ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಚ್ಚಿ. ಎಂಟು ಮನೆ ಕಾಣುತ್ತವೆ. ಈಗ ಖಾಲಿ ಬದಿ ಹೊರಗಿರಲಿ, ಗಿಡ್ಡ ಅಂಚುಗಳು ಒಂದಕ್ಕೊಂದು ಕೂಡುವಂತೆ ಮಡಚಿ. ಮಡಿಕೆ ಇರುವ ಕಡೆಯಿಂದ ನಡುಗೆರೆಯ ಮೇಲೆ ಕತ್ತರಿಸುತ್ತಾ ಹೋಗಿ, ಮೊದಲ ಅಡ್ಡಗೆರೆ ಸಿಕ್ಕ ಕೂಡಲೇ ನಿಲ್ಲಿಸಿ. ಇಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ಹಾಳೆ ಬಿಚ್ಚಿ, ಈ ಸಲ ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿ. ನಡುವಿನ ಸೀಳು ಬಾಯಿ ತೆರೆದು ನಾಲ್ಕು ರೆಕ್ಕೆ ಏಳುತ್ತವೆ. ಅವನ್ನು ಸುತ್ತಿ ಮಡಚಿ, ಗೆರೆಗಳನ್ನು ಉಗುರಿನಿಂದ ತೀಡಿ. ಎಂಟು ಪುಟದ ಪುಸ್ತಕ ಸಿದ್ಧ. ಅಳತೆ ಸುಮಾರು 74×105 ಮಿ.ಮೀ. ಅಂಗಿಯ ಕಿಸೆಯಲ್ಲಿ ಸಲೀಸಾಗಿ ಕೂರುತ್ತದೆ.

ಮುಖಪುಟ ವಾರಕ್ಕೆ, ಉಳಿದ ಏಳು ಪುಟ ಏಳು ದಿನಕ್ಕೆ. ದಿನಕ್ಕೆ ಮೂರೇ ಕೆಲಸ ಬರೆಯಿರಿ. ಸುಮ್ನೆ 'ಬ್ಯಾಂಕ್' ಎಂದು ಬರೆದರೆ ಏನು ಮಾಡಬೇಕೋ ಮರೆತುಹೋಗುತ್ತದೆ. 'ಪಾಸ್‌ಬುಕ್ ಎಂಟ್ರಿ ಮಾಡಿಸು' ಎಂದು ಬರೆಯಿರಿ. ರಾತ್ರಿ ಊಟವಾದ ಮೇಲೆ ಮುಗಿದದ್ದನ್ನು ಹೊಡೆದುಹಾಕಿ, ಉಳಿದದ್ದನ್ನು ನಾಳೆಯ ಪುಟಕ್ಕೆ ಕೈಯಾರೆ ಇಳಿಸಿ. ಒಂದೇ ಕೆಲಸವನ್ನು ಮೂರನೇ ಸಲ ಬರೆಯುವಾಗ ಕೈ ತಡೆಯುತ್ತದೆ, ಅಲ್ವಾ? ಆಗ ನಿರ್ಧರಿಸಿ. ಬಿಡುವುದೋ, ಬೇರೆಯವರಿಗೆ ಒಪ್ಪಿಸುವುದೋ, ಚಿಕ್ಕ ತುಂಡು ಮಾಡುವುದೋ. ನನ್ನ 'ಲೇಖನ ಬರೆ' ಅನ್ನುವುದು ಹೀಗೇ 'ಗೊಂಬೆ ಮಾಡುವವರನ್ನು ಅಂಟಿನ ಬಗ್ಗೆ ಕೇಳು' ಆಯಿತು. ಮರುದಿನವೇ ಮುಗಿಯಿತು.

ಬರೆಯುವವರಿಗೆ ಲಗ್ನಪತ್ರಿಕೆಗಳು ಬಂಗಾರ. ಖಾಲಿ ಬದಿ ಸಿಗುವಂತೆ 3×5 ಇಂಚಿಗೆ ಕತ್ತರಿಸಿ. ಒಂದು ಚೀಟಿಗೆ ಒಂದೇ ವಿಷಯ. ಹಗುರ ಮರದ್ದು ಒಂದು, ಹುಣಸೆ ಬೀಜದ ಅಂಟಿನದ್ದು ಇನ್ನೊಂದು, ಗರುಡನ ಗೊಂಬೆಯದ್ದು ಮತ್ತೊಂದು. ಮೂಲೆಯಲ್ಲಿ ನಂಬರ್ ಇರಲಿ, ಯಾರು ಹೇಳಿದ್ದು ಅನ್ನುವುದೂ ಇರಲಿ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಹೀಗೆ ನಂಬರ್ ಹಾಕಿದ ಸುಮಾರು 90 ಸಾವಿರ ಚೀಟಿಗಳನ್ನು ಕೂಡಿಟ್ಟಿದ್ದರು. ನಮಗೆ ಹತ್ತು ಹದಿನೈದಾದರೆ ಒಂದು ಲೇಖನ.

ಚೀಟಿಗಳನ್ನು ನೆಲದ ಮೇಲೆ ಹರಡಿ, ಜಾಗ ಬದಲಿಸುತ್ತಾ ನೋಡಿ. ನಮ್ಮೂರ ಬೇಸಿಗೆಯಲ್ಲಿ ಫ್ಯಾನ್ ಆರಿಸಲು ಆಗುವುದಿಲ್ಲ. ಅದಕ್ಕೆ ಒಂದೊಂದರ ಮೇಲೆ ಒಂದು ನಾಣ್ಯ ಇಡುತ್ತೇನೆ. ಕೊನೆಗೆ ಇಡಬೇಕೆಂದಿದ್ದ ಅಂಟಿನ ಚೀಟಿ ಆವತ್ತು ಮೊದಲಿಗೆ ಬಂತು. ಲೇಖನದ ಬಾಗಿಲು ಅಲ್ಲಿ ತೆರೆಯಿತು.

ಬರೆಯಲು ಕುಳಿತಾಗ ಗಡಿಯಾರಕ್ಕೆ 25 ನಿಮಿಷ ಇಡಿ, ಆಮೇಲೆ 5 ನಿಮಿಷ ಬಿಡುವು. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಶುರು ಮಾಡಿದ ಪದ್ಧತಿ ಇದು. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಏಳುವ ಮುಂಚೆ ಮುಂದಿನ ಚೀಟಿಯನ್ನು ಪೆನ್ನಿನ ಕೆಳಗೆ ಇಟ್ಟು ಏಳಿ. ಮರುದಿನ ಅಲ್ಲಿಂದಲೇ ಶುರು.